ಏಳು ಬೆರಳಿನ ಕೈ

ಎಲ್ರಿಗೂ ನಮಸ್ಕಾರ. ನಮ್ ಕಡೆ ಅಣ್ಣ ತಮ್ಮಂದಿರ ಜಗಳ ಬಿಡಿಸೋಕೆ ಹೋದ ಹಿರಿಯರು ಕೊನೇಗೆ ಸುಸ್ತಾಗಿ ಒಂದು ಮಾತು ಹೇಳ್ತಾರೆ ನೋಡಿ, ಐದು ಬೆರಳೂ ಒಂದೇ ಸಮ ಇರುತ್ತೇನಪ್ಪ ಅಂತ. ಫ್ರೆಂಚ್ ಮಾತಾಡೋರೂ ಇದೇ ಐದು ಬೆರಳನ್ನ ಹಿಡ್ಕೊಂಡಿದ್ದಾರೆ, ಆದ್ರೆ ನಮಗೆ ಪೂರ್ತಿ ಉಲ್ಟಾ. ಅವರಲ್ಲಿ 'ಒಂದು ಕೈಯ ಐದು ಬೆರಳಿನ ಹಾಗಿದ್ದಾರೆ' ಅಂದ್ರೆ ಅಷ್ಟು ಒಗ್ಗಟ್ಟು ಅಂತ ಅರ್ಥ. ಈ ಮಾತಿಗೆ ಎರಡು ಬೆರಳು ಜಾಸ್ತಿ ಸೇರಿಸಿ 2002ರಲ್ಲಿ ಕೆನಡಾದ ಮಾಂಟ್ರಿಯಲ್‌ನಲ್ಲಿ ಏಳು ಜನ ಸರ್ಕಸ್ ಕಲಾವಿದರು ಒಂದು ತಂಡ ಕಟ್ಟಿದ್ರು. ಫ್ರೆಂಚಲ್ಲಿ ಲೇ ಸೆಟ್ ದ್ವಾ ದ ಲಾ ಮ್ಯಾಂ, ಇಂಗ್ಲಿಷಲ್ಲಿ ಸೆವೆನ್ ಫಿಂಗರ್ಸ್. ಏಳು ಬೆರಳಿನ ಕೈ ನೋಡೋಕೆ ವಿಚಿತ್ರವಾಗಿರುತ್ತೆ, ಆದ್ರೆ ಕೆಲಸಕ್ಕೆ ಇಳಿದ್ರೆ ಐದಕ್ಕಿಂತ ಎರಡು ಜಾಸ್ತೀನೇ ಅಲ್ವಾ.

ನಾನು ಇವರನ್ನ ಎದುರಿಗೆ ಕೂತು ನೋಡಿಲ್ಲ, ಮೊದಲೇ ಹೇಳಿಬಿಡ್ತೀನಿ. ನೋಡಿದ್ದೆಲ್ಲ ವಿಡಿಯೋದಲ್ಲಿ, ರಾತ್ರಿ ಊಟ ಆದ್ಮೇಲೆ, ಹೆಡ್‌ಫೋನ್ ಹಾಕ್ಕೊಂಡು. ಎದುರಿಗೆ ನೋಡಿದ ಸರ್ಕಸ್ ಅಂದ್ರೆ ಚಿಕ್ಕೋನಿದ್ದಾಗ ನಮ್ಮೂರಿನ ಸಂತೆ ಮೈದಾನದಲ್ಲಿ ಹಾಕಿದ್ದ ಟೆಂಟು. ರಾತ್ರಿ ಆಟದಲ್ಲಿ ಮಿಂಚೋ ಬಟ್ಟೆ ಹಾಕ್ಕೊಂಡು ಮೇಲೆ ಜೋಕಾಲಿಯಿಂದ ಜೋಕಾಲಿಗೆ ಹಾರಿದ ಹೆಂಗಸನ್ನ ಮಾರನೇ ದಿನ ಬೆಳಿಗ್ಗೆ ಟೆಂಟಿನ ಹಿಂದೆ ನೋಡ್ದೆ, ಹಳೇ ನೈಟಿ ಹಾಕ್ಕೊಂಡು ಬಕೆಟ್ ಮುಂದೆ ಕೂತು ಬಟ್ಟೆ ಒಗೀತಾ ಇದ್ರು, ಅಂಗೈಗೆ ಬಿಳಿ ಪಟ್ಟಿ ಸುತ್ತಿತ್ತು, ಅದು ಒದ್ದೆ ಆಗಬಾರ್ದು ಅಂತ ಒಂದೇ ಕೈಯಲ್ಲಿ ಬಟ್ಟೆ ಹಿಂಡ್ತಾ ಇದ್ರು. ರಾತ್ರಿ ನೋಡಿದ್ದಕ್ಕಿಂತ ಈ ಒಂಟಿ ಕೈಯೇ ನನಗೆ ಚೆನ್ನಾಗಿ ನೆನಪಿರೋದು. ಅವರ ಹೆಸರು ಯಾರೂ ಮೈಕಲ್ಲಿ ಹೇಳಿರ್ಲಿಲ್ಲ.

ಈ ಏಳು ಜನದಲ್ಲಿ ಹಲವರಿಗೂ ಹೆಚ್ಚು ಕಮ್ಮಿ ಇದೇ ಅನುಭವ ಇತ್ತು, ಬೇರೆ ಲೆವೆಲ್ಲಲ್ಲಿ. ಮಾಂಟ್ರಿಯಲ್‌ನಲ್ಲಿ 1981ರಲ್ಲೇ ಸರ್ಕಸ್ ಕಲಿಸೋ ಶಾಲೆ ಶುರುವಾಯ್ತು, ನ್ಯಾಷನಲ್ ಸರ್ಕಸ್ ಸ್ಕೂಲ್ ಅಂತ. 1984ರಲ್ಲಿ ಮಾಂಟ್ರಿಯಲ್ ಇರೋ ಪ್ರಾಂತ್ಯ ಕ್ವಿಬೆಕ್‌ನಲ್ಲೇ ಸರ್ಕ್ ದು ಸೊಲೇ ಹುಟ್ಟಿತು, ಪ್ರಪಂಚದಲ್ಲೇ ದೊಡ್ಡ ಸರ್ಕಸ್ ಕಂಪನಿ ಆಯ್ತು. ಪ್ರಾಣಿ ಇಲ್ಲ, ಬಣ್ಣ ಸಂಗೀತ ಬೆಳಕು ಎಲ್ಲ ಭರ್ಜರಿ. ಆದ್ರೆ ಅಲ್ಲಿ ಕಲಾವಿದ ಹಲ್ಲಿ ಆಗಿರ್ತಾನೆ, ಹಕ್ಕಿ ಆಗಿರ್ತಾನೆ, ಯಾವುದೋ ಕನಸಿನ ಲೋಕದ ಜೀವಿ ಆಗಿರ್ತಾನೆ, ಮುಖದ ತುಂಬ ಮೇಕಪ್ಪು, ಇವತ್ತು ಇವನು ಬಿದ್ದು ಕಾಲು ಮುರ್ಕೊಂಡ್ರೆ ನಾಳೆ ಅದೇ ಡ್ರೆಸ್ಸಲ್ಲಿ ಇನ್ನೊಬ್ಬ ಬಂದು ನಿಂತ್ರೂ ಟಿಕೆಟ್ ತಗೊಂಡೋರಿಗೆ ಗೊತ್ತಾಗಲ್ಲ. ನಾನು ಅವರನ್ನ ಬೈತಾ ಇಲ್ಲ, ನನಗೂ ಇಷ್ಟಾನೇ. ಆದ್ರೆ ಅಲ್ಲಿ ಆಡಿ ಬಂದೋರೂ ಇದ್ದ ಈ ಏಳು ಜನಕ್ಕೆ ಬೇಕಾಗಿದ್ದು ಬೇರೆ. ಮೇಕಪ್ ತೊಳ್ಕೊಂಡು, ಮನೇಲಿ ಹೇಗಿರ್ತೀವೋ ಹಾಗೇ ಸ್ಟೇಜ್ ಮೇಲೆ ಬಂದು ಲಾಗ ಹೊಡೆದ್ರೆ ಹೇಗೆ? ಅದಕ್ಕೇ ಮೊದಲನೇ ಶೋ ಹೆಸರು 'ಲಾಫ್ಟ್', ಅಂದ್ರೆ ಒಂದೇ ದೊಡ್ಡ ಕೋಣೆ ಥರದ ಮನೆ, ಒಂದೇ ಮನೇಲಿ ಒಟ್ಟಿಗೆ ಇರೋ ಏಳು ಜನರ ಕಥೆ.

ಯಾರ್ಯಾರು ಅಂತ ಕೇಳಿದ್ರೆ, ಜಿಪ್ಸಿ ಸ್ನೈಡರ್ ಹುಟ್ಟಿದ್ದೇ ಸರ್ಕಸ್ ಮನೆಗೆ. ಅಪ್ಪ ಅಮ್ಮ ಸಾನ್ ಫ್ರಾನ್ಸಿಸ್ಕೋದಲ್ಲಿ 70ರ ದಶಕದಲ್ಲಿ ಪಿಕಲ್ ಫ್ಯಾಮಿಲಿ ಸರ್ಕಸ್ ಕಟ್ಟಿದೋರು, ಉಪ್ಪಿನಕಾಯಿ ಕುಟುಂಬ ಅನ್ನಿ ಬೇಕಾದ್ರೆ, ಹುಲಿ ಆನೆ ಏನೂ ಇಲ್ದೆ ಬರೀ ಮನುಷ್ಯರೇ ಆಡ್ತಿದ್ದ ಸರ್ಕಸ್ಸು. ಶಾನಾ ಕ್ಯಾರೊಲ್ ಕೂಡ ಅದೇ ಉಪ್ಪಿನಕಾಯಿ ಜಾಡಿಯಿಂದ ಬಂದೋರು, ಅಲ್ಲಿ ಟ್ರಪೀಜ್ ಅನ್ನೋ ಸರ್ಕಸ್ ಜೋಕಾಲಿ ಹಿಡಿದು, ಮಾಂಟ್ರಿಯಲ್ ಶಾಲೆಗೆ ಬಂದು, ಸೊಲೇಯಲ್ಲಿ ವರ್ಷಗಟ್ಟಲೆ ಹಾರಿದೋರು. ಇಸಾಬೆಲ್ ಶಾಸೆ ಹುಡುಗಿ ಇದ್ದಾಗ್ಲೇ ಸೊಲೇಯಲ್ಲಿ ಮೈ ಬಳುಕಿಸೋ ಆಟ ಆಡ್ತಿದ್ರು, ಆಮೇಲೆ ಮೇಲಿಂದ ಇಳಿಬಿಟ್ಟ ಕೆಂಪು ಬಟ್ಟೆಯಲ್ಲಿ ಸುತ್ತಿಕೊಂಡು ಬಿಚ್ಚಿಕೊಂಡು ಮಾಡಿದ ಆಟದಿಂದ ಹೆಸರಾದ್ರು. ಸಾಮ್ಯುಯೆಲ್ ತೆತ್ರೋ ಕೈ ಮೇಲೆ ನಿಲ್ಲೋರು, ಪ್ಯಾಟ್ರಿಕ್ ಲಿಯೊನಾರ್ ಡಯಾಬೊಲೋ, ಅಂದ್ರೆ ದಾರದ ಮೇಲೆ ತಿರುಗೋ ಬುಗುರಿ ಥರದ್ದು, ಆಡಿಸೋದರ ಜೊತೆ ನಗಿಸೋದರಲ್ಲೂ ಪಳಗಿದೋರು, ಸೆಬಾಸ್ತಿಯಾನ್ ಸೊಲ್ದೆವಿಲಾ ಇನ್ನೊಬ್ಬರನ್ನ ಅಂಗೈ ಮೇಲೆ ಎತ್ತಿ ನಿಲ್ಲಿಸೋರು, ಏಳನೇ ಬೆರಳು ಫಾನ್ ಶೇನ್.

ಈಗ 'ಟ್ರೇಸಸ್' ಬಗ್ಗೆ ಸ್ವಲ್ಪ ನಿಧಾನವಾಗಿ ಹೇಳ್ಬೇಕು. ಇವರ 2006ರ ಶೋ, ಶಾನಾ ಮತ್ತು ಜಿಪ್ಸಿ ನಿರ್ದೇಶನ. ಹೊರಗಡೆ ಏನೋ ದೊಡ್ಡ ಅನಾಹುತ ಆಗೋದಿದೆ, ಒಳಗೆ ಒಂದು ಹಳೇ ಗೋಡೌನ್ ಥರದ ಜಾಗದಲ್ಲಿ ನಾಲ್ಕು ಹುಡುಗರು ಒಬ್ಬ ಹುಡುಗಿ ಸಿಕ್ಕಾಕ್ಕೊಂಡಿದ್ದಾರೆ, ಇರೋ ಟೈಮಲ್ಲಿ ತಾವು ಇದ್ವಿ ಅನ್ನೋ ಗುರುತು ಬಿಟ್ಟು ಹೋಗ್ಬೇಕು. ಮೊದಲಲ್ಲೇ ಒಬ್ಬೊಬ್ರಾಗಿ ಮೈಕ್ ಮುಂದೆ ಬಂದು ತಮ್ಮ ನಿಜವಾದ ಹೆಸರು, ಹುಟ್ಟಿದ ವರ್ಷ, ಎತ್ತರ, ತೂಕ ಹೇಳ್ತಾರೆ. ಅಷ್ಟೇ. ಇದೇನು ದೊಡ್ಡ ವಿಷ್ಯ ಅನ್ಸುತ್ತೆ. ಆದ್ರೆ ಅರ್ಧ ಗಂಟೆ ಆದ್ಮೇಲೆ ಅದೇ ಹುಡುಗ ಚೈನೀಸ್ ಪೋಲ್ ಅನ್ನೋ ಎತ್ತರದ ಕಂಬದ ತುದಿಗೆ ಹತ್ತಿ ಕೈ ಬಿಟ್ಟು ತಲೆಕೆಳಗಾಗಿ ಜಾರಿ ಬರ್ತಾನಲ್ಲ, ಆಗ ಬರ್ತಿರೋದು ಯಾರೋ ಸರ್ಕಸ್ಸಿನವನಲ್ಲ, ಹೆಸರು ತೂಕ ಎಲ್ಲ ಗೊತ್ತಿರೋ ನಮ್ ಪೈಕಿ ಹುಡುಗ, ಆ ತೂಕ ಎಷ್ಟು ಜೋರಾಗಿ ನೆಲಕ್ಕೆ ಬಡಿಯುತ್ತೆ ಅಂತ ನಮ್ಮ ತಲೆ ತಾನಾಗೇ ಲೆಕ್ಕ ಹಾಕ್ತಿರುತ್ತೆ. ತೊಡೆಯಲ್ಲಿ ಕಂಬ ಬಿಗಿದು ನೆಲಕ್ಕೆ ಗೇಣು ದೂರದಲ್ಲಿ ನಿಲ್ತಾನೆ.

ನಮ್ಮ ಗದಗ, ಬಾಗಲಕೋಟೆ ಕಡೆಯೋರಿಗೆ ಕಂಬದ ಆಟ ಹೊಸದಲ್ಲ, ಮಲ್ಲಕಂಬ ಆಡೋ ಮಕ್ಕಳು ಅಲ್ಲಿ ಈಗ್ಲೂ ಇದ್ದಾರೆ. ಆದ್ರೆ ಮಲ್ಲಕಂಬ ಮರದ್ದು, ಹರಳೆಣ್ಣೆ ಸವರಿರ್ತಾರೆ, ಜಾರೋದನ್ನ ಪಳಗಿಸ್ಕೋಬೇಕು. ಚೈನೀಸ್ ಪೋಲ್ ಕಬ್ಬಿಣದ್ದು, ಮೇಲೆ ರಬ್ಬರ್ ಸುತ್ತಿರ್ತಾರೆ, ಅದು ಹಿಡ್ಕೊಳ್ಳುತ್ತೆ, ಹಿಡ್ಕೊಂಡು ಚರ್ಮ ಸುಡುತ್ತೆ. ಅದಕ್ಕೇ ಇವರು ದಪ್ಪ ಪ್ಯಾಂಟು, ಉದ್ದ ತೋಳಿನ ಅಂಗಿ ಹಾಕ್ಕೊಂಡಿರ್ತಾರೆ, ಮಲ್ಲಕಂಬದೋರು ಲಂಗೋಟಿ ಇಲ್ಲಾ ಚಡ್ಡಿ ಅಷ್ಟೇ. ಎರಡೂ ಕಂಬಾನೇ, ಕಷ್ಟ ಮಾತ್ರ ಬೇರೆ ಬೇರೆ.

ಇನ್ನೊಂದು ವಿಷ್ಯ, ಇದು ಸ್ಟೇಜ್ ಹಿಂದಿರೋರ ತಲೆನೋವು. ಆಡೋರ ಸ್ವಂತ ಬದುಕನ್ನೇ ಶೋ ಮಾಡಿದ್ರೆ, ಆ ಕಲಾವಿದ ಬಿಟ್ಟು ಹೋದಾಗ ಏನ್ಮಾಡೋದು? ಟ್ರೇಸಸ್ ವರ್ಷಗಟ್ಟಲೆ ದೇಶ ದೇಶ ಸುತ್ತಿತು, 2011ರಲ್ಲಿ ನ್ಯೂಯಾರ್ಕಿಗೆ ಹೋಗೋ ಹೊತ್ತಿಗೆ ಐದು ಜನ ಇದ್ದದ್ದು ಏಳಾಗಿತ್ತು. ಹೊಸಬರು ಬಂದಾಗ ಹಳಬರ ಮಾತು ಬಾಯಿಪಾಠ ಮಾಡ್ಸಿದ್ರೆ ಕೆಲಸ ಕೆಟ್ಟಂತೆ. ಹೊಸಬರು ಅವರದ್ದೇ ಹೆಸರು, ಅವರದ್ದೇ ತೂಕ ಹೇಳ್ಬೇಕು, ಶೋ ಅವರ ಅಳತೆಗೆ ಮತ್ತೆ ಹೊಲಿಬೇಕು. ನಮ್ಮಲ್ಲಿ ನಾಟಕ ಮಾಡ್ಸೋರಿಗೆ ಒಬ್ಬ ನಟ ಕೈ ಕೊಟ್ರೆ ಎಷ್ಟು ಪರದಾಟ ಅಂತ ಗೊತ್ತಲ್ವಾ, ಇದು ಅದರ ಹತ್ತರಷ್ಟು.

ಬ್ರಾಡ್‌ವೇ ಅಂದ್ರೆ ನ್ಯೂಯಾರ್ಕಿನ ದೊಡ್ಡ ನಾಟಕದ ಬೀದಿ, ಅಲ್ಲಿನ ಕಥೆ ಬೇಗ ಹೇಳಿ ಮುಗಿಸ್ತೀನಿ. 2013ರಲ್ಲಿ 'ಪಿಪಿನ್' ಅನ್ನೋ ಹಳೇ ಮ್ಯೂಸಿಕಲ್ ಮತ್ತೆ ಮಾಡ್ದಾಗ ಸರ್ಕಸ್ ಭಾಗ ಜಿಪ್ಸಿಯದ್ದು. ಅಜ್ಜಿ ಪಾತ್ರ ಮಾಡಿದ ಆಂಡ್ರಿಯಾ ಮಾರ್ಟಿನ್‌ಗೆ ಆಗ 66 ವರ್ಷ, ಟ್ರಪೀಜ್ ಮೇಲೆ ಹತ್ತಿಸಿ, ತಲೆಕೆಳಗೆ ತೂಗಿಸಿ, ಹಾಡನ್ನೂ ಹಾಡ್ಸಿದ್ರು! ಆ ವರ್ಷ ಅವರಿಗೆ ಅಲ್ಲಿನ ನಾಟಕದೋರಿಗೆ ಕೊಡೋ ಟೋನಿ ಪ್ರಶಸ್ತಿ ಬಂತು. ನಮ್ಮನೇಲಿ ಆ ವಯಸ್ಸಿನೋರು ಅಟ್ಟದ ಮೇಲಿನ ಡಬ್ಬ ತೆಗೆಯೋಕೆ ಸ್ಟೂಲ್ ಹತ್ತಿದ್ರೇ ಎಲ್ರೂ ಓಡಿ ಬರ್ತೀವಿ.

ನನಗೆ ಎಲ್ಲಕ್ಕಿಂತ ಹತ್ತಿರ ಆಗಿದ್ದು 2014ರ 'ಕ್ವಿಝೀನ್ ಎ ಕನ್ಫೆಷನ್ಸ್', ಅಡುಗೆಮನೆ ಶೋ. ಸ್ಟೇಜ್ ಮೇಲೆ ನಿಜವಾದ ಒಲೆ, ನಿಜವಾದ ಓವನ್, ಪಾತ್ರೆ ಸೌಟು ಎಲ್ಲ. ಹಿಟ್ಟು ಕಲಸ್ತಾ ಮೊಟ್ಟೆ ಎಸೆದು ಹಿಡೀತಾ, ಒಬ್ಬರ ಮೇಲೊಬ್ಬರು ಲಾಗ ಹಾಕ್ತಾ, ಮಧ್ಯೆ ತಮ್ಮ ಮನೆ ಊಟದ ನೆನಪು ಹೇಳ್ತಾರೆ. ಅರ್ಜೆಂಟೀನಾದ ಕಲಾವಿದ ಒಬ್ಬರು ತಮ್ಮ ಅಪ್ಪನ ವಿಷ್ಯ ಹೇಳ್ತಾರೆ, 70ರ ದಶಕದ ಮಿಲಿಟರಿ ಸರ್ಕಾರದ ಕಾಲದಲ್ಲಿ ಹಿಡ್ಕೊಂಡು ಹೋದ್ರು, ವಾಪಸ್ ಬರ್ಲೇ ಇಲ್ಲ. ಅಪ್ಪ ಕೊನೇ ಸಲ ಏನು ತಿಂದಿರ್ಬಹುದು ಅನ್ನೋದು ಮಗನ ಪ್ರಶ್ನೆ. ಅಳೋದಿಲ್ಲ, ಭಾಷಣ ಇಲ್ಲ. ಕಂಬ ಹತ್ತಿ ಬೀಳ್ತಾರೆ, ಮತ್ತೆ ಹತ್ತಿ ಬೀಳ್ತಾರೆ.

ಇಷ್ಟು ಹೊತ್ತಿಗೆ ಅತ್ತ ಓವನ್‌ನಲ್ಲಿ ಬನಾನ ಬ್ರೆಡ್ ಬೇಯ್ತಾ ಇರುತ್ತೆ, ಹಾಲ್ ತುಂಬ ಘಮ್ ಅನ್ನುತ್ತಂತೆ, ಕೊನೇಗೆ ಪ್ರೇಕ್ಷಕರಿಗೆಲ್ಲ ಹಂಚ್ತಾರೆ. ನನಗೆ ಲ್ಯಾಪ್‌ಟಾಪಲ್ಲಿ ವಾಸನೆ ಎಲ್ಲಿಂದ ಬರ್ಬೇಕು, ರಾತ್ರಿ ಹನ್ನೆರಡೂವರೆ, ಎದ್ದು ಹೋಗಿ ಅಡುಗೆಮನೆ ಲೈಟ್ ಹಾಕಿ ನೋಡ್ದೆ, ಬುಟ್ಟೀಲಿ ಒಂದೇ ಒಂದು ಪಚ್ಚಬಾಳೆ, ಅದೂ ಕಪ್ಪಾಗಿತ್ತು. ಸಿಪ್ಪೆ ಸುಲಿದು ನಿಂತಲ್ಲೇ ತಿಂದೆ. ನಮಸ್ಕಾರ.