ನಿಮ್ಮ ಕೌದಿಯಲ್ಲಿ ಎಷ್ಟು ಮೀಟರ್ ಹೊಲಿಗೆ ಇದೆ?

ಅಕ್ಕಂದಿರೇ, ತಂಗಿಯರೇ, ಎಲ್ಲರಿಗೂ ನಮಸ್ಕಾರ.

ಬಟ್ಟೆ ತುಂಡು ಜೋಡಿಸಿ ಕೈಯಲ್ಲಿ ಹೊಲಿಯುವ ಈ ಹೊದಿಕೆಯನ್ನ ಪಾವಗಡದ ಕಡೆಯಿಂದ ಬಂದವರು ಬೊಂತ ಅಂತೀರಿ. ಹುಬ್ಬಳ್ಳಿ, ಧಾರವಾಡದ ಕಡೆ ಕೌದಿ ಅಂತಾರೆ. ಹೆಸರು ಯಾವುದಾದರೂ ಹೊಲಿಯುವವರ ಕಷ್ಟ ಒಂದೇ. ಗಿರಾಕಿ "ಎಷ್ಟಾಗುತ್ತಕ್ಕಾ?" ಅಂದ ಕೂಡಲೇ ಬಾಯಿಗೆ ಬಂದದ್ದು ಹೇಳಿಬಿಡುತ್ತೇವೆ. ನಾನೂ ಹಾಗೇ ಮಾಡಿದ್ದೆ. ನನ್ನ ಮೊದಲ ಆರ್ಡರ್ 2,000 ರೂಪಾಯಿಗೆ ಒಪ್ಪಿಕೊಂಡೆ. ಸಾಮಾನಿಗೇ 1,800 ಹೋಯಿತು. ವಾರವೆಲ್ಲ ಕೂತು ಹೊಲಿದದ್ದಕ್ಕೆ ಉಳಿದದ್ದು 200. ಸಾಮಾನು ತರೋಕೆ ಮಂಡಿಪೇಟೆಗೆ ಓಡಾಡಿದ ಆಟೋ ದುಡ್ಡೂ ಅದರಲ್ಲೇ.

ಅದೇ ಕೌದಿಯ ಲೆಕ್ಕವನ್ನು ಈಗ ಮತ್ತೆ ಹಾಕೋಣ. 60 ಇಂಚು ಅಗಲ, 90 ಇಂಚು ಉದ್ದ, ಒಬ್ಬರು ಹೊದೆಯುವ ಅಳತೆ. ಕತ್ತರಿಸಿ ಜೋಡಿಸೋಕೆ, ಅಂಚು ಕಟ್ಟೋಕೆ 18 ಗಂಟೆ. ಕೈಹೊಲಿಗೆಗೆ 34. ಒಟ್ಟು 52 ಗಂಟೆ. ನರೇಗಾದಲ್ಲಿ 2025-26ಕ್ಕೆ ನಮ್ಮ ರಾಜ್ಯದ ದಿನಗೂಲಿ 370 ರೂಪಾಯಿ ಇತ್ತು. ಸೂಜಿ ಹಿಡಿದ ಕೈಗೆ ಅದಕ್ಕಿಂತ ಕಡಿಮೆ ಯಾಕೆ? ಎಂಟು ಗಂಟೆಗೆ ಒಂದು ದಿನ ಅಂದರೆ ಆರೂವರೆ ದಿನ, 2,405 ರೂಪಾಯಿ. ಸಾಮಾನು ಸೇರಿಸಿದರೆ 4,205. ಕರೆಂಟು, ಮೆಷಿನ್ ರಿಪೇರಿ, ಓಡಾಟಕ್ಕೆ ನೂರಕ್ಕೆ ಹತ್ತು. ಅದರ ಮೇಲೆ ಲಾಭ ನೂರಕ್ಕೆ ಹದಿನೈದು. 5,300 ದಾಟುತ್ತದೆ. ಕೂಲಿ ಬೇರೆ, ಲಾಭ ಬೇರೆ. ಕೂಲಿ ಮನೆಗೆ ಹೋಗುತ್ತದೆ. ಮುಂದಿನ ಆರ್ಡರ್‌ಗೆ ಸಾಲ ಮಾಡದೆ ಬಟ್ಟೆ ತರೋದು ಲಾಭದಿಂದ.

ಗಂಟೆ ಹೇಗೆ ಗೊತ್ತಾಗುತ್ತದೆ ಅಂತೀರಾ? ನಾವು ಒಂದೇ ಸಮ ಕೂತು ಹೊಲಿಯುವುದಿಲ್ಲ. ಡೈರಿಗೆ ಹಾಲು ಹಾಕಿ ಬಂದು ಅರ್ಧ ಗಂಟೆ, ಮಕ್ಕಳು ಸ್ಕೂಲಿಗೆ ಹೋದ ಮೇಲೆ ಒಂದು ಗಂಟೆ. ಕೂತಾಗ, ಎದ್ದಾಗ ಗೋಡೆಯ ಕ್ಯಾಲೆಂಡರಿನಲ್ಲೇ ಗೀಚಿಡಿ. ಎರಡು ಕೌದಿ ಮುಗಿಯುವಷ್ಟರಲ್ಲಿ ನಿಮ್ಮ ಕೈಯ ವೇಗ ನಿಮಗೇ ಗೊತ್ತಾಗುತ್ತದೆ.

ಈಗ ನನಗೆ ತುಂಬ ಮುಖ್ಯ ಅನಿಸುವ ಮಾತು. "ಅಕ್ಕಾ, ಸ್ವಲ್ಪ ಒತ್ತೊತ್ತಾಗಿ ಹೊಲೀರಿ" ಅಂತಾರಲ್ಲ, ಆ ಸ್ವಲ್ಪಕ್ಕೆ ಎಷ್ಟು ಅಂತ ನೋಡಿ. ಒಂದಿಂಚಿಗೆ ಒಂದು ಸಾಲು ಹಾಕಿದರೆ ಈ ಕೌದಿಯಲ್ಲಿ 60 ಸಾಲು. ಒಂದೊಂದೂ 90 ಇಂಚು. ಎಲ್ಲ ಸೇರಿ ಸುಮಾರು 137 ಮೀಟರ್ ಹೊಲಿಗೆ. ಅರ್ಧ ಇಂಚಿಗೆ ಒಂದು ಅಂದರೆ 274 ಮೀಟರ್. ಇನ್ನೂ 34 ಗಂಟೆ ಜಾಸ್ತಿ. ಕೂಲಿಯೇ ಸುಮಾರು 1,570 ರೂಪಾಯಿ ಏರಿತು. ಅದಕ್ಕೇ ಅಂಗೈಯಗಲದ ಎರಡು ಮಾದರಿ ಹೊಲಿದಿಟ್ಟುಕೊಳ್ಳಿ, ಒಂದು ಬಿಡಿಬಿಡಿ, ಒಂದು ಒತ್ತು. ಗಿರಾಕಿ ಕೈಗೆ ಕೊಟ್ಟು ಎರಡರ ಬೆಲೆಯನ್ನೂ ಹೇಳಿ. ಮುಟ್ಟಿ ನೋಡಿದವರು ಸುಮ್ನೆ ಚೌಕಾಸಿ ಮಾಡೋದು ಕಡಿಮೆ, ಇದು ನನ್ನ ಅನುಭವ.

ಇನ್ನು ಅಮ್ಮನ ಹಳೇ ಸೀರೆ ತಂದು ಕೊಡುವವರು. "ಬಟ್ಟೆ ನಮ್ದೇ ಅಲ್ವಾ, ಕಡಿಮೆ ಮಾಡಿ" ಅಂತಾರೆ. ಬಟ್ಟೆಯ ದುಡ್ಡು ಕಳೆಯಿರಿ, ಅದು ನ್ಯಾಯ. ಆದರೆ ಹಳೇ ರೇಷ್ಮೆ ಮಡಿಕೆಯಲ್ಲೇ ಬಿರಿದಿರುತ್ತದೆ. ಬೆಳಕಿಗೆ ಹಿಡಿದು ನೋಡಿದರೆ ಗೊತ್ತಾಗುತ್ತದೆ. ಅದರ ಕೆಳಗೆ ತೆಳು ಹತ್ತಿಬಟ್ಟೆ ಕೊಟ್ಟೇ ಹೊಲಿಯಬೇಕು. ಆ ಕೆಲಸದ ಗಂಟೆಯನ್ನೂ ಬರೆಯಿರಿ. ತೀರಿಹೋದ ತಾಯಿಯ ಸೀರೆಗೆ ಕತ್ತರಿ ಹಾಕುವ ಮುಂಚೆ ಎಲ್ಲಿ ಕತ್ತರಿಸಬೇಕು ಅಂತ ಅವರ ಮುಂದೆಯೇ ಚಾಕ್‌ಪೀಸಿನಲ್ಲಿ ಗೆರೆ ಎಳೆಯಿರಿ. ತಪ್ಪಾದರೆ ಆ ಸೀರೆ ಮತ್ತೆ ಸಿಗುವುದಿಲ್ಲ.

ಸಾಮಾನಿನ ಪೂರ್ತಿ ದುಡ್ಡು ಮುಂಗಡ ತೆಗೆದುಕೊಳ್ಳಿ. ನೆಂಟರ ಹತ್ತಿರವೂ ಅಷ್ಟೇ. ಅವರಿಗೆ ಲಾಭ ಬಿಡಿ, ಕೂಲಿ ಬಿಡಬೇಡಿ.

ನೀವು ತಂದಿರುವ ಕೌದಿಗಳನ್ನು ಈಗ ಇಲ್ಲೇ ಬಿಚ್ಚಿ ಹಾಸಿ. ಟೇಪು ನನ್ನ ಹತ್ತಿರ ಇದೆ. ಊಟಕ್ಕೆ ಮೊದಲು ಒಂದೊಂದರ ಸಾಲು ಎಣಿಸೋಣ.