ಕಾಲೂರದೆ ದಾಟುವ ಆಟ

ಎಲ್ಲರಿಗೂ ನಮಸ್ಕಾರ.

ಮಕ್ಕಳ ಕೋಲಾಟ ಮುಗಿಯಿತು, ಇನ್ನು ಬಿಸಿಬೇಳೆ ಭಾತ್ ಬಾಕಿ. ಇವೆರಡರ ನಡುವೆ ಇಪ್ಪತ್ತು ನಿಮಿಷ ಮಾತಾಡಿ ಅಂತ ಸಂಘದವರು ನನ್ನನ್ನು ಇಲ್ಲಿ ನಿಲ್ಲಿಸಿದ್ದಾರೆ. ಅಡುಗೆ ಇನ್ನೂ ಬಿಸಿಯಾಗಿಲ್ಲ ಅಂತ ಇದರ ಅರ್ಥ.

ಮೊದಲು ಒಂದು ತಿದ್ದುಪಡಿ. ಆಹ್ವಾನ ಪತ್ರಿಕೆಯಲ್ಲಿ 'ಬೈಕ್ ರೇಸ್ ಅನುಭವಗಳು' ಅಂತ ಅಚ್ಚಾಗಿದೆ. ನಾನು ಮಾಡುವುದು ರೇಸ್ ಅಲ್ಲ. ನಾನು ಬೈಕ್ ಓಡಿಸುವ ವೇಗಕ್ಕೆ ನಿಮ್ಮ ಮನೆ ಅಜ್ಜಿ ವಾಕಿಂಗ್ ಹೊರಟರೂ ನನ್ನನ್ನು ಹಿಂದೆ ಹಾಕುತ್ತಾರೆ. ಇದರ ಹೆಸರು ಟ್ರಯಲ್ಸ್. ನಮ್ಮ ಕಡೆ ಗ್ಯಾರೇಜಿನಲ್ಲಿ ಬ್ರೇಕ್ ಬಿಗಿ ಮಾಡಿದ ಮೇಲೆ ಮೆಕ್ಯಾನಿಕ್ 'ಒಂದ್ ಟ್ರಯಲ್ ನೋಡ್ಕೊಂಡ್ ಬನ್ನಿ ಸಾರ್' ಅನ್ನುತ್ತಾನಲ್ಲ, ಅದೇ ಪದ. ಹುಟ್ಟಿದ್ದೂ ಹೆಚ್ಚುಕಮ್ಮಿ ಹಾಗೇ. ನೂರು ವರ್ಷದ ಹಿಂದೆ ಬೈಕ್‌ಗಳು ಗುಡ್ಡ ಹತ್ತುತ್ತವೋ ಇಲ್ಲವೋ ಅಂತ ನೋಡೋಕೆ ಕಂಪನಿಗಳು, ಕ್ಲಬ್‌ಗಳು ಪರೀಕ್ಷೆ ಇಡುತ್ತಿದ್ದವು. ಪರೀಕ್ಷೆ ನಿಧಾನವಾಗಿ ಆಟವಾಯಿತು.

ನಿಮಗೆ ಈ ಆಟ ಗೊತ್ತಿಲ್ಲ ಅಂತ ನಾನು ಒಪ್ಪುವುದಿಲ್ಲ. ಸ್ಕೂಲಲ್ಲಿ ಆಗಸ್ಟ್ 15ಕ್ಕೋ, ಬೀದಿ ಗಣೇಶನ ಮುಂದೋ, ಸ್ಲೋ ಸೈಕಲ್ ರೇಸ್ ನೋಡಿದ್ದೀರಲ್ವಾ? ಸುಣ್ಣದ ಗೆರೆ ಹಾಕಿರುತ್ತಾರೆ. ಕೊನೆಗೆ ತಲುಪಿದವನೇ ಫಸ್ಟ್. ಕಾಲು ನೆಲಕ್ಕೆ ತಾಗಿದರೆ ಔಟ್. ಅರಸೀಕೆರೆಯಲ್ಲಿ ಏಳನೇ ಕ್ಲಾಸಿನಲ್ಲಿದ್ದಾಗ ಗೆರೆಗೆ ಒಂದು ಗೇಣು ಇದೆ ಅನ್ನುವಾಗ ನಾನು ಕಾಲು ಇಟ್ಟುಬಿಟ್ಟೆ. ಬಹುಮಾನ ಒಂದು ಸ್ಟೀಲ್ ಲೋಟ. ಆ ಲೋಟ ಬೇರೆಯವನ ಮನೆಗೆ ಹೋಯಿತು. ಇವತ್ತಿಗೂ ಆ ಲೋಟ ನನ್ನ ಕಣ್ಣ ಮುಂದಿದೆ.

ಆ ಸೈಕಲ್‌ಗೆ ಇಂಜಿನ್ ಹಾಕಿ. ಸುಣ್ಣದ ಗೆರೆ ಅಳಿಸಿ ಹಳ್ಳ, ಬಂಡೆ, ಬೇರು, ಕೆಸರು ಹಾಕಿ. ಟ್ರಯಲ್ಸ್ ಅಂದರೆ ಅಷ್ಟೇ.

ನಾನು ಇಂಗ್ಲೆಂಡಿಗೆ ಹೊರಟಾಗ ಅಪ್ಪ ಹೇಳಿದ್ದು ಒಂದೇ ಮಾತು: 'ಮೊದಲು ಅಲ್ಲಿ ಕಾಲೂರು, ಆಮೇಲೆ ಬೇರೆ ಎಲ್ಲ.' ಊರಿದೆ. ಮನೆ, ಸಾಲ, ಮಕ್ಕಳ ಸ್ಕೂಲು ಎಲ್ಲ ಆಯಿತು. ನಲವತ್ತಾರನೇ ವಯಸ್ಸಿಗೆ ಹಿಡಿದ ಹವ್ಯಾಸ ನೋಡಿದರೆ, ಕಾಲೂರಿದರೆ ಮಾರ್ಕ್ ಕೊಡುವಂಥದ್ದು. ಇಲ್ಲಿ ಮಾರ್ಕ್ ಬಂದರೆ ಖುಷಿಪಡಬೇಡಿ, ಅದು ದಂಡ. ಒಂದು ತುಂಡು ದಾರಿಗೆ ಸೆಕ್ಷನ್ ಅನ್ನುತ್ತಾರೆ. ಮೂವತ್ತು ನಲವತ್ತು ಅಡಿ ಇರಬಹುದು, ಇನ್ನೂ ಜಾಸ್ತಿಯೂ ಇರಬಹುದು. ಕಾಲು ತಾಗದೆ ದಾಟಿದರೆ ಸೊನ್ನೆ, ಅದನ್ನು 'ಕ್ಲೀನ್' ಅನ್ನುತ್ತಾರೆ. ಒಂದು ಸಲ ತಾಗಿದರೆ 1, ಎರಡು ಸಲಕ್ಕೆ 2, ಮೂರು ಅಥವಾ ಅದಕ್ಕಿಂತ ಎಷ್ಟೇ ಸಲ ಆದರೂ 3. ಬಿದ್ದರೆ, ಹಿಂದಕ್ಕೆ ಜಾರಿದರೆ, ಗುರುತಿನಾಚೆ ಹೋದರೆ 5. ನಮ್ಮ ಕ್ಲಬ್ಬಿನಲ್ಲಿ ಸುಮ್ನೆ ನಿಂತರೂ 5. ನಾಲ್ಕು ಅನ್ನುವುದೇ ಇಲ್ಲ. ಈ ಲೆಕ್ಕದಲ್ಲಿ ಒಂದು ಮಜಾ ಇದೆ ನೋಡಿ. ಮೂರು ಸಲ ಕಾಲಿಟ್ಟಾಯಿತು ಅಂದರೆ ಇನ್ನು ಕಳೆದುಕೊಳ್ಳೋಕೆ ಏನೂ ಇಲ್ಲ. ಮಾನ ಮರ್ಯಾದೆ ಪಕ್ಕಕ್ಕಿಟ್ಟು ಎರಡೂ ಕಾಲಲ್ಲಿ ಹುಟ್ಟು ಹಾಕಿಕೊಂಡು ದಡ ಸೇರಬಹುದು. ನಾನು ಅದರಲ್ಲಿ ಎಕ್ಸ್‌ಪರ್ಟ್.

ಹತ್ತು ಸೆಕ್ಷನ್, ನಾಲ್ಕು ಸುತ್ತು. ಒಟ್ಟು ನಲವತ್ತು. ಪೂರ್ತಿ ಕೆಟ್ಟರೆ 200. ನನ್ನ ಮೊದಲ ಭಾನುವಾರದ ಲೆಕ್ಕ 143. ಮನೆಗೆ ಬಂದು ಹೇಳಿದಾಗ ನನ್ನ ಮಗಳು 'ಅಪ್ಪ, ಸೂಪರ್' ಅಂದಳು. ನಾನು ತಿದ್ದಲಿಲ್ಲ.

ಬೈಕ್ ಬಗ್ಗೆ ಸ್ವಲ್ಪ. ಊರಲ್ಲಿ ನಿಮ್ಮ ತಮ್ಮಂದಿರು ಓಡಿಸುವ ಕ್ಲಾಸಿಕ್ 350 ಇದೆಯಲ್ಲ, ಅದರ ತೂಕ 195 ಕೆಜಿ. ಟ್ರಯಲ್ಸ್ ಬೈಕ್ 70ರ ಆಸುಪಾಸು. ಸೀಟ್ ಇಲ್ಲ. ಕೂರುವ ಪ್ರಶ್ನೆಯೇ ಬರುವುದಿಲ್ಲ, ದಿನವಿಡೀ ಫುಟ್‌ರೆಸ್ಟ್ ಮೇಲೆ ನಿಂತೇ ಇರಬೇಕು. ಟ್ಯಾಂಕಿಗೆ ಎರಡು ಮೂರು ಲೀಟರ್ ಪೆಟ್ರೋಲ್. ಹಿಂದಿನ ಟೈರಿಗೆ ಗಾಳಿ ನಾಲ್ಕೈದು ಪೌಂಡ್ ಅಷ್ಟೇ. ನಮ್ಮೂರ ಬಂಕಿನ ಹುಡುಗನಿಗೆ 'ಹಿಂದೆ ನಾಲ್ಕು ಹಾಕಪ್ಪ' ಅಂದರೆ, ಮೂವತ್ತನಾಲ್ಕಾ ಅಂತ ಎರಡು ಸಲ ಕೇಳುತ್ತಾನೆ. ಹಾಗೆ ಮೆತ್ತಗಿದ್ದರೇನೇ ಟೈರು ಬಂಡೆಯನ್ನು ಅಂಗೈ ತರಹ ಹಿಡಿಯುವುದು. ಕೈಗೆ ಒಂದು ದಾರ ಕಟ್ಟಿರುತ್ತದೆ. ಬಿದ್ದರೆ ಅದು ಕಿತ್ತುಕೊಂಡು ಇಂಜಿನ್ ಆಫ್ ಆಗುತ್ತದೆ.

ಈಗ ನಿಮ್ಮನ್ನು ಒಂದು ಸೆಕ್ಷನ್ ಒಳಗೆ ಕರೆದುಕೊಂಡು ಹೋಗುತ್ತೇನೆ. ಯಾರ್ಕ್‌ಶೈರ್ ಜನ ಹಳ್ಳಕ್ಕೆ 'ಬೆಕ್' ಅನ್ನುತ್ತಾರೆ. ಚಿಕ್ಕವಳಿದ್ದಾಗ ನನ್ನ ಮಗಳು ಬೋರ್ಡ್ ಓದಿ, ಬೆಕ್ಕು ಎಲ್ಲಿ ಅಂತ ಹುಡುಕುತ್ತಿದ್ದಳು. ಅಂಥ ಒಂದು ಬೆಕ್. ನವೆಂಬರ್ ತಿಂಗಳು, ಜಿಟಿಜಿಟಿ ಮಳೆ. ದಡದಿಂದ ನೀರಿಗೆ ಇಳಿಯಬೇಕು, ಪಾಚಿಗಟ್ಟಿದ ಗುಂಡುಕಲ್ಲುಗಳ ಮೇಲೆ ಹತ್ತಡಿ ಹೋಗಬೇಕು, ಒಂದು ಮರದ ಬೇರನ್ನು ಸುತ್ತಿ ಎಡಕ್ಕೆ ತಿರುಗಬೇಕು, ಮೊಣಕಾಲೆತ್ತರದ ಬಂಡೆ ಹತ್ತಬೇಕು, ಆಮೇಲೆ ಎರಡು ಮಾರು ಹುಲ್ಲು, ಮುಗಿಯಿತು. ಬಲಗಡೆಗೆ ಕೆಂಪು ಗುರುತು, ಎಡಗಡೆಗೆ ನೀಲಿ. ಅದರ ಮಧ್ಯೆಯೇ ಹೋಗಬೇಕು.

ಮೊದಲು ಬೈಕ್ ನಿಲ್ಲಿಸಿ ನಡೆದು ನೋಡಬೇಕು. ಎಲ್ಲರೂ ನೋಡುತ್ತಾರೆ. ಸೊಂಟದ ಮೇಲೆ ಕೈ ಇಟ್ಟುಕೊಂಡು, ಬಾವಿ ತೋಡೋಕೆ ಜಾಗ ನೋಡುವವರ ಹಾಗೆ ನೀರನ್ನೇ ದಿಟ್ಟಿಸುತ್ತಾ ನಿಂತಿರುತ್ತಾರೆ. ಯಾವ ಕಲ್ಲು ಅಲ್ಲಾಡುತ್ತದೆ, ಯಾವುದು ಗಟ್ಟಿ ಅಂತ ಬೂಟಿನಲ್ಲಿ ಒತ್ತಿ ನೋಡುತ್ತಾರೆ.

ಆಮೇಲೆ ಹತ್ತಿ ಹೊರಟೆ. ಕ್ಲಚ್ ಮೇಲೆ ಒಂದೇ ಬೆರಳು, ಬ್ರೇಕ್ ಮೇಲೆ ಒಂದೇ ಬೆರಳು. ಕಣ್ಣು ಮುಂದಿನ ಚಕ್ರದ ಮೇಲಲ್ಲ, ನಾಲ್ಕಡಿ ಆಚೆ. ಚಕ್ರ ನೋಡಿದರೆ ಚಕ್ರ ಅಲ್ಲೇ ಸಿಕ್ಕಿಕೊಳ್ಳುತ್ತದೆ. ಎಡಕ್ಕೆ ತಿರುಗುವಾಗ ರಸ್ತೆಯಲ್ಲಿ ನಾವೂ ಬೈಕ್ ಜೊತೆ ಎಡಕ್ಕೆ ವಾಲುತ್ತೇವೆ. ಇಲ್ಲಿ ಉಲ್ಟಾ. ಬೈಕ್ ಎಡಕ್ಕೆ ವಾಲಿದರೆ ಮೈ ಬಲಕ್ಕೆ ಹೋಗಬೇಕು. ಇದನ್ನು ಮೈಗೆ ಕಲಿಸೋಕೆ ನನಗೆ ಒಂದು ವರ್ಷ ಹಿಡಿಯಿತು. ಬೇರು ಸುತ್ತಿದೆ. ಬಂಡೆ ಬಂತು. ಇಲ್ಲಿ ಹೆದರಿ ಆಕ್ಸಿಲರೇಟರ್ ತಿರುಚಿದರೆ ಹಿಂದಿನ ಚಕ್ರ ಪಾಚಿಯ ಮೇಲೆ ಗಿರಗಿರ ಸುತ್ತುತ್ತದೆ, ಬೈಕ್ ಇದ್ದಲ್ಲೇ ಇರುತ್ತದೆ. ಮೊಣಕಾಲು ಬಗ್ಗಿಸಿ ಬೈಕನ್ನು ಕೆಳಕ್ಕೆ ಒತ್ತಬೇಕು. ಅದು ಸ್ಪ್ರಿಂಗ್ ತರಹ ವಾಪಸ್ ಏಳುವಾಗ ಚೂರೇ ಚೂರು ಗ್ಯಾಸ್, ಕ್ಲಚ್ ಬಿಡು, ಮುಂದಿನ ಚಕ್ರ ಹಗುರಾಗುತ್ತದೆ. ಅದು ಬಂಡೆ ಮೇಲೆ ಕೂತ ತಕ್ಷಣ ಗ್ಯಾಸ್ ಕಡಿಮೆ ಮಾಡಿ ಮೈ ಮುಂದಕ್ಕೆ ಹಾಕಬೇಕು. ಹಿಂದಿನ ಚಕ್ರ ತಾನೇ ಹತ್ತುತ್ತದೆ.

ಹತ್ತಿತು! ನಂಬಿ, ಹತ್ತಿಬಿಟ್ಟಿತು. ಇನ್ನು ಎರಡು ಮಾರು ಹುಲ್ಲು ಅಷ್ಟೇ. ಅಲ್ಲಿ ಛತ್ರಿ ಹಿಡಿದು ಕೂತಿದ್ದ ಅಬ್ಸರ್ವರ್, ಅಂದರೆ ಕಾಲು ತಾಗಿದ್ದನ್ನು ನೋಡಿ ಮಾರ್ಕ್ ಹಾಕುವವರ ಕಡೆ ಖುಷಿಯಲ್ಲಿ ತಿರುಗಿ ನೋಡಿದೆ. ತಲೆ ತಿರುಗಿದ ಕಡೆ ಹ್ಯಾಂಡಲ್ ತಿರುಗಿತು. ಟಪ್ ಅಂತ ಎಡಗಾಲು ಹುಲ್ಲಿನ ಮೇಲೆ.

ಗೆರೆಗೆ ಒಂದು ಗೇಣು ಇತ್ತು. ಹೌದು, ಆ ಲೋಟವೇ ನೆನಪಾಯಿತು.

ಅಬ್ಸರ್ವರ್‌ಗೆ ಎಪ್ಪತ್ತು ದಾಟಿರಬೇಕು. ಮುಖದಲ್ಲಿ ಒಂದು ಗೆರೆಯೂ ಅಲ್ಲಾಡದೆ 'ಒಂದು' ಅಂದರು. ನನ್ನ ಮಾರ್ಕಿನ ಕಾರ್ಡಿಗೆ ಪಂಚ್ ಹೊಡೆದರು.

ಸ್ವಲ್ಪ ಇತಿಹಾಸ ಹೇಳಿಬಿಡುತ್ತೇನೆ, ಯಾಕೆಂದರೆ ಅದರಲ್ಲಿ ನಿಮ್ಮ ಊರೂ ಇದೆ. ಇಲ್ಲಿ ಶಿಪ್ಲಿಯಿಂದ ಬಂದವರು ಮೂರ್ನಾಲ್ಕು ಮನೆಯವರಿದ್ದೀರಿ. ಸ್ಕಾಟ್ ಮೋಟರ್‌ಸೈಕಲ್ ಕಾರ್ಖಾನೆ ಇದ್ದದ್ದು ನಿಮ್ಮ ಶಿಪ್ಲಿಯಲ್ಲೇ. 1914ರಲ್ಲಿ ಅದರ ಮಾಲೀಕ ಆಲ್ಫ್ರೆಡ್ ಸ್ಕಾಟ್ ತನ್ನ ಕೆಲಸಗಾರರಿಗೆ ಒಂದು ಸವಾಲು ಹಾಕಿದ: ಕಾರ್ಖಾನೆಯಿಂದ ಹೊರಟು ಡೇಲ್ಸ್ ಗುಡ್ಡಗಳನ್ನು ದಾಟಿ ಬರ್ನ್‌ಸಾಲ್ ಹಳ್ಳಿ ಸೇರಬೇಕು. ಅದೇ ಸ್ಕಾಟ್ ಟ್ರಯಲ್. ಆ ಕಂಪನಿ ಹೋಯಿತು, ಸ್ಪರ್ಧೆ ಸ್ವೇಲ್‌ಡೇಲ್ ಕಡೆಗೆ ಹೋಗಿ ಉಳಿದುಕೊಂಡಿತು. ಅದರಲ್ಲಿ ಕಾಲಿಗೂ ಮಾರ್ಕ್, ತಡವಾದ ನಿಮಿಷಕ್ಕೂ ಮಾರ್ಕ್. ಅಂದರೆ ನಿಧಾನವಾಗಿಯೂ ಹೋಗಬೇಕು, ಬೇಗವೂ ಹೋಗಬೇಕು. ನನ್ನಂಥವರು ಅಲ್ಲಿಗೆ ಚಪ್ಪಾಳೆ ತಟ್ಟೋಕೆ ಮಾತ್ರ ಹೋಗುವುದು. ಸ್ಕಾಟ್‌ಲೆಂಡಿನ ಫೋರ್ಟ್ ವಿಲಿಯಂನಲ್ಲಿ ಮೇ ತಿಂಗಳಲ್ಲಿ ನಡೆಯುವ ಆರು ದಿನದ ಟ್ರಯಲ್ ಇನ್ನೂ ಹಳೆಯದು, ಶುರುವಾದದ್ದು 1909ರಲ್ಲಿ.

ಇನ್ನು ಬುಲೆಟ್. ಮದುವೆ ಮನೆಗೆ ಡುಗುಡುಗು ಅಂತ ಬಂದು ಎಲ್ಲರೂ ತಿರುಗಿ ನೋಡುವಂತೆ ಮಾಡುವ ಅದೇ ಬುಲೆಟ್, ಲೋಕಕ್ಕೆ ಮುಖ ತೋರಿಸಿದ್ದು ಕೆಸರಿನಲ್ಲಿ. 1948ರಲ್ಲಿ ಕೋಲ್‌ಮೋರ್ ಕಪ್ ಟ್ರಯಲ್‌ಗೆ ರಾಯಲ್ ಎನ್‌ಫೀಲ್ಡ್‌ನವರು ಹೊಸ 350 ಬುಲೆಟ್ ಇಳಿಸಿದರು. ಹಿಂದಿನ ಚಕ್ರಕ್ಕೂ ಶಾಕ್ ಅಬ್ಸಾರ್ಬರ್ ಇತ್ತು. ಟ್ರಯಲ್ಸ್‌ಗೆ ಹಿಂಭಾಗ ಅಲ್ಲಾಡಲೇಬಾರದು ಅಂತ ಆಗ ಬಲ್ಲವರೆಲ್ಲ ನಂಬಿದ್ದ ಕಾಲ. 1952ರಲ್ಲಿ, ಮತ್ತೆ 1957ರಲ್ಲಿ ಜಾನಿ ಬ್ರಿಟನ್ ಎನ್ನುವವರು ಬುಲೆಟ್ ಮೇಲೆ ಸ್ಕಾಟ್‌ಲೆಂಡಿನ ಆರು ದಿನ ಗೆದ್ದರು. ಅಷ್ಟರಲ್ಲಿ ಬುಲೆಟ್ ಮದ್ರಾಸಿಗೂ ಬಂದಾಗಿತ್ತು. 2019ರಲ್ಲಿ ಕಂಪನಿ ಭಾರತದಲ್ಲಿ ಬುಲೆಟ್ ಟ್ರಯಲ್ಸ್ ಅಂತ ಒಂದು ಮಾಡೆಲ್ ಬಿಟ್ಟಾಗ, ನನ್ನ ಭಾವಮೈದ ಫೋನ್ ಮಾಡಿ 'ಭಾವ, ಟ್ರಯಲ್ಸ್ ಅಂದ್ರೆ ಏನು, ಕಂಪನಿಯವರೇ ಇನ್ನೂ ಟೆಸ್ಟ್ ಮಾಡ್ತಿದಾರಾ?' ಅಂತ ಕೇಳಿದ. ಅವನಿಗೆ ಹೇಳಿದ ಕಥೆಯನ್ನೇ ಈಗ ನಿಮಗೆ ಹೇಳಿದೆ.

ಆ ದೊಡ್ಡ ಬ್ರಿಟಿಷ್ ಬೈಕ್‌ಗಳ ಕಾಲ ಮುಗಿಸಿದವರೂ ಇಲ್ಲಿಯವರೇ. ಬೆಲ್‌ಫಾಸ್ಟ್‌ನ ಸ್ಯಾಮಿ ಮಿಲ್ಲರ್ 500 ಸಿಸಿ ಏರಿಯಲ್ ಮೇಲೆ ಗೆಲ್ಲದ ಸ್ಪರ್ಧೆ ಕಮ್ಮಿ. 1964ರ ಕೊನೆಗೆ ಅವರು ಸ್ಪೇನಿನ ಬುಲ್ಟಾಕೋ ಕಂಪನಿ ಸೇರಿ, 244 ಸಿಸಿಯ ಹಗುರ ಬೈಕ್ ತಯಾರು ಮಾಡಿಸಿ, 1965ರಲ್ಲಿ ಅದರ ಮೇಲೆಯೇ ಸ್ಕಾಟ್‌ಲೆಂಡಿನ ಆರು ದಿನದ ಟ್ರಯಲ್ ಗೆದ್ದರು. ಅಲ್ಲಿಂದ ಈ ಆಟ ಸ್ಪೇನಿನವರ ಮನೆಯ ಆಟವಾಯಿತು ಅಂದರೂ ನಡೆಯುತ್ತದೆ. ಕ್ಯಾಟಲೋನಿಯಾದ ಟೋನಿ ಬೋ 2007ರಿಂದ 2024ರ ತನಕ ಒಂದು ವರ್ಷವೂ ಬಿಡದೆ ವಿಶ್ವ ಚಾಂಪಿಯನ್. ಆತ ಆಳೆತ್ತರದ ಬಂಡೆ ಹತ್ತುವುದನ್ನು ಮೊಬೈಲಲ್ಲಿ ನೋಡಿ. ಆದರೆ ಅದನ್ನು ನೋಡಿ ನನ್ನನ್ನು ಕೇಳಬೇಡಿ.

ನಾನು ಹೇಳಬೇಕು ಅಂದುಕೊಂಡು ಬಂದದ್ದು ಚಾಂಪಿಯನ್ನರ ಬಗ್ಗೆ ಅಲ್ಲ. ಆ ಛತ್ರಿಯ ಕೆಳಗೆ ಕೂತವರ ಬಗ್ಗೆ. ಒಂದೊಂದು ಸೆಕ್ಷನ್‌ಗೂ ಒಬ್ಬ ಅಬ್ಸರ್ವರ್ ಬೇಕು. ಸಂಬಳ ಇಲ್ಲ. ಮಡಚುವ ಕುರ್ಚಿ, ಫ್ಲಾಸ್ಕ್, ಪಂಚ್ ಹೊಡೆಯುವ ಸಾಧನ, ಸುತ್ತ ನಾಲ್ಕು ಕುರಿ. ಬೆಳಿಗ್ಗೆ ಹತ್ತರಿಂದ ಮಧ್ಯಾಹ್ನ ಮೂರರ ತನಕ ಬೇರೆಯವರ ಕಾಲು ನೋಡುತ್ತಾ ಕೂರುವುದು. ಅವರಿಲ್ಲದಿದ್ದರೆ ಅವತ್ತು ಆಟವೇ ಇಲ್ಲ. ನಾನೂ ವರ್ಷಕ್ಕೆ ಮೂರು ಸಲ ಕೂರುತ್ತೇನೆ. ಓಡಿಸಿ ಕಲಿತದ್ದಕ್ಕಿಂತ ಕೂತು ಕಲಿತದ್ದೇ ಜಾಸ್ತಿ. ಒಂದೇ ಬಂಡೆಯನ್ನು ಅರವತ್ತು ಜನ ಅರವತ್ತು ತರಹ ದಾಟುತ್ತಾರೆ. ಹನ್ನೆರಡು ವರ್ಷದ ಒಬ್ಬಳು ಹುಡುಗಿ, ದೊಡ್ಡವರೆಲ್ಲ ಗುದ್ದಾಡುತ್ತಿದ್ದ ಬಂಡೆಯನ್ನು ಬಿಟ್ಟು ಅದರ ಪಕ್ಕದ ಒಂದು ಅಡಿ ಅಗಲದ ಸಂದಿಯಲ್ಲಿ ಸದ್ದಿಲ್ಲದೆ ಹೊರಟುಹೋದಳು. ಎಲ್ಲವೂ ಗುರುತಿನ ಒಳಗೇ. ಸೊನ್ನೆ.

ಕಷ್ಟವೂ ಇದೆ. ನಿಮ್ಮ ಸ್ನೇಹಿತನೇ ಬರುತ್ತಾನೆ. ಬೂಟು ಹುಲ್ಲಿಗೆ ತಾಗಿತೋ, ನೆಲಕ್ಕೆ ತಾಗಿತೋ? ಅವನು ನಿಮ್ಮ ಮುಖ ನೋಡುತ್ತಾನೆ. ಕಂಡರೆ ಕೊಡಬೇಕು, ಕಾಣದಿದ್ದರೆ ಕೊಡಬಾರದು, ಅನುಮಾನ ಬಂದರೆ ಓಡಿಸುವವನ ಪರ. ಇಷ್ಟೇ ನಿಯಮ. ನನ್ನ ಸ್ನೇಹಿತನಿಗೆ ನಾನು 2 ಕೊಟ್ಟೆ. ವಾಪಸ್ ಬರುವಾಗ ಅವನ ವ್ಯಾನಿನಲ್ಲೇ ಬರಬೇಕಿತ್ತು. ಮುಕ್ಕಾಲು ಗಂಟೆ ರೇಡಿಯೋ ಕೇಳಿದೆವು.

ಶುರು ಮಾಡಬೇಕು ಅನ್ನುವವರಿಗೆ ಎರಡು ಮಾತು. ಹೊಸ ಬೈಕ್ ಆರೇಳು ಸಾವಿರ ಪೌಂಡ್, ಅದರ ಸುದ್ದಿಗೆ ಹೋಗಬೇಡಿ. ನಾನು ಸೆಕೆಂಡ್ ಹ್ಯಾಂಡ್ ತಗೊಂಡೆ. 'ಜಾಸ್ತಿ ಓಡಿಸೇ ಇಲ್ಲ' ಅಂದರು ಮಾರಿದವರು. ಮನೆಗೆ ತಂದು ಬಿಚ್ಚಿದರೆ ಹಿಂದಿನ ಚಕ್ರದ ಬೇರಿಂಗ್ ಪುಡಿಪುಡಿ. ಅದಕ್ಕೇ, ನೋಡೋಕೆ ಹೋಗುವಾಗ ಕ್ಲಬ್ಬಿನ ಯಾರಾದರೂ ಹಳಬರನ್ನು ಕರೆದುಕೊಂಡು ಹೋಗಿ. ಕ್ಲಚ್ ಲಿವರ್ ಕ್ಲಾಂಪಿನ ಕೆಳಗೆ ಪ್ಲಂಬರ್ ಬಳಸುವ ಬಿಳಿ ಟೇಪ್ ಎರಡು ಸುತ್ತು ಸುತ್ತಿ. ಬಿದ್ದಾಗ ಲಿವರ್ ಮುರಿಯುವ ಬದಲು ತಿರುಗುತ್ತದೆ. ಇದು ಗೊತ್ತಾಗುವ ಮುಂಚೆ ನಾನು ಐದು ಲಿವರ್ ಮುರಿದಿದ್ದೆ. ಬೀಳುತ್ತೀರಿ, ಅದು ಖಂಡಿತ. ಆದರೆ ನಿಧಾನವಾಗಿ ಬೀಳುತ್ತೀರಿ, ಬೀಳುತ್ತಿದ್ದೇನೆ ಅಂತ ಯೋಚನೆ ಮಾಡೋಕೆ ಟೈಮ್ ಸಿಗುವಷ್ಟು. ಹೆಲ್ಮೆಟ್, ಬೂಟು ಮಾತ್ರ ಬಿಡಬೇಡಿ.

ಅಭ್ಯಾಸಕ್ಕೆ ಗುಡ್ಡ ಬೇಕಿಲ್ಲ. ಹಿತ್ತಲಲ್ಲಿ ಎರಡು ಬಕೆಟ್ ಇಟ್ಟು ಎಂಟರ ಆಕಾರದಲ್ಲಿ ಸುತ್ತಿ. ನಾನು ಮೊದಲು ಬಕೆಟ್ ಬದಲು ತುಳಸಿ ಕುಂಡ ಇಟ್ಟುಕೊಂಡಿದ್ದೆ. ಮುಂದಿನ ಸಾಲಿನಲ್ಲಿ ಕೂತಿರುವ ನಮ್ಮ ಮನೆಯವರು ಈಗ ನನ್ನನ್ನು ನೋಡುತ್ತಿರುವ ರೀತಿ ನೋಡಿದರೆ ಆ ಕಥೆ ಇಲ್ಲಿ ಬೇಡ ಅನ್ನಿಸುತ್ತದೆ.

ಒಳಗಿಂದ ಒಗ್ಗರಣೆ ವಾಸನೆ ಬರುತ್ತಿದೆ, ಮುಗಿಸುತ್ತೇನೆ. ಮುಂದಿನ ತಿಂಗಳು ಎರಡನೇ ಭಾನುವಾರ ನಮ್ಮ ಕ್ಲಬ್ಬಿನ ಟ್ರಯಲ್ ಇದೆ. ಆರನೇ ಸೆಕ್ಷನ್‌ಗೆ ಅಬ್ಸರ್ವರ್ ಸಿಕ್ಕಿಲ್ಲ. ಬೈಕ್ ಓಡಿಸೋಕೆ ಬರದಿದ್ದರೂ ಪರವಾಗಿಲ್ಲ, ಐದರ ತನಕ ಎಣಿಸೋಕೆ ಬಂದರೆ ಸಾಕು. ಕುರ್ಚಿ ನಾನು ತರುತ್ತೇನೆ, ಫ್ಲಾಸ್ಕಿನಲ್ಲಿ ಫಿಲ್ಟರ್ ಕಾಫಿಯೂ ನನ್ನದೇ. ರೈನ್‌ಕೋಟ್ ನೀವು ತನ್ನಿ. ಹೆಸರು ಕೊಡುವವರು ಊಟದ ಸಾಲಿನಲ್ಲಿ ನನ್ನನ್ನು ಹಿಡಿಯಿರಿ.