ಪ್ರಸಂಗಪೀಠದಲ್ಲಿ ನಿಂತು ಓಟು ಕೇಳಬೇಡಿ

ಎಲ್ಲರಿಗೂ ಕ್ರಿಸ್ತನಲ್ಲಿ ವಂದನೆ. ಹೋದ ಚುನಾವಣೆಯಲ್ಲಿ ಇಲ್ಲೇ ಮುಂಬೈನ ಒಂದು ಕನ್ನಡ ಚರ್ಚ್ ಸಭೆಯಲ್ಲಿ ಆರಾಧನೆ ಇನ್ನೂ ಮುಗಿದಿರಲಿಲ್ಲ, ಅಷ್ಟರಲ್ಲಿ ಒಬ್ಬ ಅಭ್ಯರ್ಥಿ ಒಳಗೆ ಬಂದರು. ಶಾಲು ಹೊದಿಸಿ, ಪಾಸ್ಟರ್ ನಿಂತು ಬೋಧಿಸುವ ಪ್ರಸಂಗಪೀಠದ ಹತ್ತಿರ ನಿಲ್ಲಿಸಿ, ಕೈಗೆ ಮೈಕ್ ಕೊಟ್ಟೆವು. "ಕ್ರೈಸ್ತರ ಓಟೆಲ್ಲ ನನಗೇ ಬೀಳಬೇಕು" ಅಂದರು. ನಾನೂ ಚಪ್ಪಾಳೆ ತಟ್ಟಿದೆ. ಆ ಚಪ್ಪಾಳೆ ಇವತ್ತಿಗೂ ಮನಸ್ಸಿಗೆ ಚುಚ್ಚುತ್ತದೆ.

ಚರ್ಚು, ಮಸೀದಿ, ದೇವಸ್ಥಾನ ಪ್ರಚಾರದ ಜಾಗ ಆಗಬಾರದು ಅಂತ ಚುನಾವಣಾ ನೀತಿ ಸಂಹಿತೆಯಲ್ಲೇ ಇದೆ. ಧರ್ಮದ ಹೆಸರಲ್ಲಿ ಓಟು ಕೇಳುವುದು 1951ರ ಪ್ರಜಾಪ್ರತಿನಿಧಿ ಕಾಯ್ದೆಯ ಪ್ರಕಾರ ತಪ್ಪು. ಅದು ಅಭ್ಯರ್ಥಿಯ ಧರ್ಮಕ್ಕೆ ಮಾತ್ರ ಅನ್ವಯವೋ, ಮತದಾರರ ಧರ್ಮಕ್ಕೂ ಅನ್ವಯವೋ? ಈ ಜಗಳ ಸುಪ್ರೀಂ ಕೋರ್ಟಿಗೆ ಹೋಗಿದ್ದೇ ನಮ್ಮ ಮುಂಬೈನ ಸಾಂತಾಕ್ರೂಜ್‌ ಕ್ಷೇತ್ರದ 1990ರ ಚುನಾವಣೆಯಿಂದ. ಮತದಾರರ ಧರ್ಮವೂ ಸೇರುತ್ತದೆ ಅಂತ 2017ರ ಜನವರಿ 2ರಂದು ಏಳು ನ್ಯಾಯಾಧೀಶರಲ್ಲಿ ನಾಲ್ವರು ತೀರ್ಪು ಕೊಟ್ಟರು.

ಹಾಗಂತ "ನಾವು ವಿಶ್ವಾಸಿಗಳು, ರಾಜಕೀಯ ನಮಗ್ಯಾಕೆ" ಅನ್ನುವ ಮಾತನ್ನೂ ನಾನು ಒಪ್ಪಲ್ಲ. ಬಾಬೆಲಿಗೆ ಸೆರೆ ಹೋದವರಿಗೆ ಬೈಬಲಿನ ಪ್ರವಾದಿ ಯೆರೆಮೀಯ ಕಾಗದ ಬರೆದ, ನೆನಪಿದೆಯಾ? ಅಲ್ಲೇ ಮನೆ ಕಟ್ಟಿ, ತೋಟ ಮಾಡಿ, ಆ ಪಟ್ಟಣಕ್ಕಾಗಿ ಪ್ರಾರ್ಥನೆ ಮಾಡಿ, ಅದರ ಕ್ಷೇಮದಲ್ಲೇ ನಿಮ್ಮ ಕ್ಷೇಮ ಇದೆ ಅಂದ. ಕಲಬುರಗಿ, ಬೀದರ್ ಕಡೆಯಿಂದ ಹೊಟ್ಟೆಪಾಡಿಗೆ ಬಂದ ನಮ್ಮ ಹಿರಿಯರಿಗೇ ಬರೆದ ಹಾಗಿದೆ ಅಲ್ವಾ? ನಮ್ಮ ವಠಾರದ, ಅಂದರೆ ಚಾಳಿನ ನಲ್ಲಿಗೆ ನೀರು ಬರುವುದು, ಗಟಾರ ಸ್ವಚ್ಛ ಆಗುವುದು, ಎಲ್ಲಾ ರಾಜಕೀಯವೇ. ಇನ್ನೊಂದು ವಿಷಯ ನೋಡಿ. ರಾಷ್ಟ್ರಪತಿಗಳ 1950ರ ಆದೇಶದ ಪ್ರಕಾರ ಪರಿಶಿಷ್ಟ ಜಾತಿಯವರು ಅನ್ನಿಸಿಕೊಳ್ಳಲು ಹಿಂದೂ ಆಗಿರಬೇಕಿತ್ತು. 1956ರಲ್ಲಿ ಸಿಖ್ಖರನ್ನು, 1990ರಲ್ಲಿ ಬೌದ್ಧರನ್ನು ಸೇರಿಸಿದರು. ಆದರೆ ದಲಿತ ಕ್ರೈಸ್ತರು ಹೊರಗೇ ಉಳಿದರು. ಜಾತಿಯ ನೋವು ದೀಕ್ಷಾಸ್ನಾನ ಆದ ಕೂಡಲೇ ಹೋಗಿಬಿಡುತ್ತದಾ? ಇದನ್ನು ಕೇಳದೆ ಸುಮ್ನೆ ಮೊಣಕಾಲೂರಿ ಕೂತರೆ ನನಗಂತೂ ಸಮಾಧಾನ ಆಗಲ್ಲ.

ಅಭ್ಯರ್ಥಿಗಳು ಬರಲಿ, ಬೇಡ ಅನ್ನಲ್ಲ. ಆದರೆ ಚಾಳಿನ ಅಂಗಳಕ್ಕೆ ಬರಲಿ. ಅಲ್ಲಿ ಪಕ್ಕದ ಮನೆಯ ಹಿಂದೂ, ಮುಸ್ಲಿಂ ಅಕ್ಕ-ಅಣ್ಣಂದಿರೂ ಇರುತ್ತಾರೆ, ಎಲ್ಲರೂ ಸೇರಿ ಪ್ರಶ್ನೆ ಕೇಳೋಣ. ಭಾನುವಾರ ಪಾಸ್ಟರ್ ಅಯ್ಯನವರು ಎಲ್ಲ ಪಕ್ಷದವರಿಗಾಗಿಯೂ ಪ್ರಾರ್ಥನೆ ಮಾಡಲಿ, ಯಾರ ಹೆಸರೂ ಬೇಡ.

ನಮ್ಮಲ್ಲಿ ತುಂಬಾ ಜನರ ಹೆಸರು ಇನ್ನೂ ಊರಿನ ಮತದಾರರ ಪಟ್ಟಿಯಲ್ಲೇ ಇದೆ. ಇಲ್ಲಿಗೆ ಬದಲಾಯಿಸಲು ಫಾರ್ಮ್ 8, ಹೊಸದಾಗಿ ಸೇರುವ ಮಕ್ಕಳಿಗೆ ಫಾರ್ಮ್ 6. ಬರುವ ಭಾನುವಾರ ಆರಾಧನೆ ಆದ ಮೇಲೆ ನಾನು ಗೇಟಿನ ಹತ್ತಿರ ಕೂತಿರುತ್ತೇನೆ, ಫೋಟೋ ಮತ್ತು ವಿಳಾಸದ ಕಾಗದ ತನ್ನಿ, ತುಂಬಿಕೊಡುತ್ತೇನೆ.